ಇಡ್ಲಿ ತಟ್ಟೆಯಲ್ಲಿ ಕೊಟ್ಟ ಹೇಳಿಕೆ

ಬಂಟ್ವಾಳದ ನ್ಯಾಯಾಲಯದಿಂದ ಬಂದ ಆದೇಶದಲ್ಲಿ ನನಗೆ ಕೇಳಿದ್ದ ಪ್ರಶ್ನೆ ಒಂದೇ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿರುವ ಈ ಮಹಿಳೆಗೆ ತನ್ನ ಬದುಕಿನ ಬಗ್ಗೆ, ತಾನು ಸಾಕಿದ ಹುಡುಗಿಯ ಬದುಕಿನ ಬಗ್ಗೆ ಸ್ವತಃ ನಿರ್ಧಾರ ಮಾಡುವ ಶಕ್ತಿ ಇದೆಯೋ ಇಲ್ಲವೋ? ಇಲ್ಲ ಎಂದಾದರೆ ಹುಡುಗಿ ಬೆಳ್ತಂಗಡಿ ಕಡೆಯ ಒಂದು ವಸತಿ ಸಂಸ್ಥೆಗೆ ಹೋಗಬೇಕು, ಮಹಿಳೆ ತಮ್ಮನ ಮನೆಗೆ. ಇದೆ ಎಂದಾದರೆ ಸಿದ್ಧಕಟ್ಟೆ ಹತ್ತಿರದ ತಮ್ಮದೇ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಇರಬಹುದು.

ಇಂಥ ಪ್ರಕರಣಗಳಲ್ಲಿ ನಾನು ಯಾರ ವೈದ್ಯೆಯೂ ಅಲ್ಲ. ಔಷಧಿ ಬರೆಯುವಂತಿಲ್ಲ, ಸಮಾಧಾನ ಹೇಳುವಂತಿಲ್ಲ. ನೋಡಬೇಕು, ಪರೀಕ್ಷಿಸಬೇಕು, ಕಂಡದ್ದನ್ನು ಕಂಡ ಹಾಗೆ ಬರೆದುಕೊಡಬೇಕು. ನೀವು ಯಾರ ಕಡೆಯವರು ಎಂದು ಎರಡೂ ಕಡೆಯ ವಕೀಲರು ಕೇಳುತ್ತಾರೆ. ಯಾರ ಕಡೆಯವಳೂ ಅಲ್ಲ ಎಂದರೆ ಇಬ್ಬರಿಗೂ ನಂಬಿಕೆ ಬರುವುದಿಲ್ಲ. ಆ ಅಪನಂಬಿಕೆ ನನಗೆ ಅಭ್ಯಾಸವಾಗಿಬಿಟ್ಟಿದೆ.

ಮೊದಲ ಭೇಟಿಗೆ ಅವರನ್ನು ಮೂಡುಬಿದಿರೆಯ ನನ್ನ ಕೋಣೆಗೆ ಕರೆಸಿಕೊಂಡೆ. ಕರೆದುಕೊಂಡು ಬಂದವರು ತಮ್ಮ. ಅರ್ಜಿ ಹಾಕಿದವರೂ ಅವರೇ. ಕಲ್ಲಡ್ಕದಲ್ಲಿ ಹೋಟೆಲ್ ನಡೆಸುವವರು. ಕಿಟಕಿಯಿಂದ ನೋಡುತ್ತಿದ್ದೆ. ಕಾರಿನಿಂದ ಅಕ್ಕನನ್ನು ಇಳಿಸುವಾಗ ಸೆರಗು ಬಾಗಿಲಿಗೆ ಸಿಕ್ಕದ ಹಾಗೆ ಎತ್ತಿ ಹಿಡಿದು, ಮತ್ತೊಂದು ಕೈಯನ್ನು ಅವರ ತಲೆಯ ಮೇಲೆ ಅಡ್ಡ ಇಟ್ಟರು. ಆದೇಶ ಓದಿದ ಗಳಿಗೆಯಲ್ಲೇ ಅವರಿಗೊಂದು ಹಣೆಪಟ್ಟಿ ಹಚ್ಚಿಟ್ಟುಕೊಂಡಿದ್ದ ನನಗೆ ಇದರಿಂದ ಸ್ವಲ್ಪ ಇರುಸುಮುರುಸಾಯಿತು.

ಅಕ್ಕನಿಗೆ ಅರುವತ್ತರ ಹತ್ತಿರ. ಗಂಡ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ರವಿಕೆ ಹೊಲಿಯುವುದರಲ್ಲಿ ಊರಿಗೇ ಹೆಸರಾದವರು. ಬಲಗೈ ಈಗ ಮಡಿಲಲ್ಲಿ ಬೇರೆಯವರ ವಸ್ತುವಿನಂತೆ ಬಿದ್ದುಕೊಂಡಿತ್ತು. ಅವರ ಹಿಂದೆಯೇ ಬಂದವಳು ತೀರಿಹೋದ ತಂಗಿಯ ಮಗಳು. ಇಪ್ಪತ್ತು ದಾಟಿದ, ಡೌನ್ ಸಿಂಡ್ರೋಮ್ ಇರುವ ಹುಡುಗಿ. ತಾಯಿ ಸತ್ತಂದಿನಿಂದ ಅವಳನ್ನು ಸಾಕಿದ್ದು ಈ ದೊಡ್ಡಮ್ಮನೇ, ಕಾನೂನಿನ ಪ್ರಕಾರ ಪಾಲಕಿಯೂ ಅವರೇ. ಹುಡುಗಿ ಕುರ್ಚಿಯನ್ನು ದೊಡ್ಡಮ್ಮನ ಎಡಬದಿಗೆ ಎಳೆದುಕೊಂಡು, ಅವರ ಸರಿಯಿರುವ ಕೈಯನ್ನು ಹಿಡಿದು ಕುಳಿತಳು.

ಪರೀಕ್ಷೆ ಶುರು ಮಾಡಿದೆ. ಪೆನ್ನು ತೋರಿಸಿ ಇದೇನು ಎಂದೆ. "ದೆ ದೆ ದೆ" ಎಂದರು. ಬೀಗದ ಕೈಗೂ ಅದೇ, ಬಾಚಣಿಗೆಗೂ ಅದೇ. ಪಾರ್ಶ್ವವಾಯು ಅವರ ಬಾಯಲ್ಲಿ ಉಳಿಸಿದ್ದು ಅದೊಂದೇ ಸದ್ದು. ಏರಿಳಿತ ಮಾತ್ರ ಮಾತಿನದೇ. ಪ್ರಶ್ನೆಯಂತೆ ಏರುತ್ತದೆ, ಜಗಳದಂತೆ ಗಡುಸಾಗುತ್ತದೆ, ಶಬ್ದ ಬದಲಾಗುವುದಿಲ್ಲ. ಹೌದು, ಅಲ್ಲ ಎಂದು ತಲೆಯಾಡಿಸಿದರೆ ಸಾಕು ಎಂದೆ. ಇದು ಮೂಡುಬಿದಿರೆಯಾ? ಹೌದು. ಇದು ಬೆಂಗಳೂರಾ? ಹೌದು. ಈಗ ಬೇಸಿಗೆಯಾ? ಹೌದು. ಹೊರಗೆ ತುಳುವರ ಆಷಾಢವಾದ ಆಟಿ ತಿಂಗಳ ಮಳೆ ತಗಡಿನ ಮೇಲೆ ಬೀಳುವ ಸದ್ದಿಗೆ ನಾನೇ ಧ್ವನಿ ಏರಿಸಿ ಮಾತಾಡಬೇಕಾಗಿತ್ತು. ತುಳುವಿನಲ್ಲಿ ಕೇಳಿದೆ. ಆಗಲೂ ಹೌದು.

ಆಸ್ಪತ್ರೆಯೊಂದು ಮೊದಲೇ ಕೊಟ್ಟಿದ್ದ ಪ್ರಮಾಣಪತ್ರದಲ್ಲಿ ಗ್ರಹಿಕೆ ಮತ್ತು ವಿವೇಚನೆ ತೀವ್ರವಾಗಿ ಕುಂದಿವೆ ಎಂದಿತ್ತು. ಅವರು ನೋಡಿದ್ದೂ ಇದನ್ನೇ ಇರಬೇಕು. ಬಾಗಿಲ ಬಳಿ ತಮ್ಮ ನನ್ನನ್ನು ಒಂದು ಬದಿಗೆ ಕರೆದರು.

"ನಾನು ಸುಳ್ಳು ಹೇಳುವುದಲ್ಲ ಡಾಕ್ಟ್ರೆ. ನಮ್ಮ ಅಕ್ಕ ಹೋಗಿ ಆಯ್ತು. ನನ್ನನ್ನು ನೋಡಿದ್ರೆ ಬೇರೆ ಯಾರನ್ನೋ ನೋಡಿದ ಹಾಗೆ ನೋಡ್ತಾಳೆ. ಇವಳು ಗ್ಯಾಸ್ ತೆರೆದಿಟ್ಟು ಮರೆತ್ರೆ ಆ ಹುಡುಗಿಗೆ ಎಂತ ಗೊತ್ತಾಗ್ತದೆ? ನಾಳೆ ಏನಾದ್ರೂ ಆದ್ರೆ ಊರವರು ಕೇಳುವುದು ಯಾರನ್ನು? ಸೋದರಮಾವ ಇದ್ದನಲ್ಲ, ಎಲ್ಲಿ ಸತ್ತಿದ್ದ ಅಂತ ನನ್ನನ್ನೇ ಅಲ್ವಾ?"

ನಮ್ಮ ಕಡೆ ಸೋದರಮಾವ ಎಂದರೆ ಅದು ಬರೀ ನೆಂಟಸ್ತಿಕೆಯ ಹೆಸರಲ್ಲ, ತಲೆಯ ಮೇಲಿನ ಹೊರೆ. ಅವರ ಹೆದರಿಕೆ ನಿಜವಾದದ್ದು. ಅಂದು ವರದಿ ಬರೆದಿದ್ದರೆ ಅವರು ಹೇಳಿದ್ದನ್ನೇ ವೈದ್ಯಕೀಯ ಭಾಷೆಯಲ್ಲಿ ಬರೆಯುತ್ತಿದ್ದೆ. ಆದರೆ ಒಂದೇ ಭೇಟಿಯಲ್ಲಿ ತೀರ್ಮಾನ ಮಾಡಬಾರದು, ವ್ಯಕ್ತಿಯನ್ನು ಅವರ ಮನೆಯಲ್ಲಿ, ಅರ್ಜಿದಾರರು ಇಲ್ಲದಿರುವಾಗ ನೋಡಲೇಬೇಕು ಎಂಬುದು ನಾನು ಹಾಕಿಕೊಂಡ ಕ್ರಮ. ಜೊತೆಗೆ ಇನ್ನೊಂದು ಸಂಶಯವೂ ಇತ್ತು. ಮಾತಿನ ಕೇಂದ್ರಕ್ಕೆ ಪೆಟ್ಟು ಬಿದ್ದವರ ತಲೆಯಾಟವನ್ನು ನಂಬುವಂತಿಲ್ಲ. ಪ್ರಶ್ನೆ ಅರ್ಥವಾಗಿದ್ದರೂ ತಲೆ ತಾನಾಗಿ ಹೌದು ಎಂದುಬಿಡುತ್ತದೆ. ನಾನು ಪರೀಕ್ಷಿಸಿದ್ದು ಬುದ್ಧಿಯನ್ನೋ ಮಾತನ್ನೋ ಎಂಬುದು ನನಗೇ ಖಚಿತವಿರಲಿಲ್ಲ.

ಮರುವಾರ ಮೊದಲೇ ತಿಳಿಸದೆ ಸಿದ್ಧಕಟ್ಟೆಗೆ ಹೋದೆ. ರಸ್ತೆಗೆ ತಾಗಿಕೊಂಡೇ ಇರುವ ಸಣ್ಣ ತಾರಸಿ ಮನೆ. ಎದುರು ಕೋಣೆಯಲ್ಲಿ ಹೊಲಿಗೆ ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿದ್ದರು. ಪಕ್ಕದ ಮನೆಯಾಕೆ ದಿನಕ್ಕೆರಡು ಸಲ ಬಂದು ಅಡುಗೆ ನೋಡಿಕೊಳ್ಳುತ್ತಿದ್ದರು. ನಾನು ಮೆಟ್ಟಿಲು ಹತ್ತುವಾಗ ಒಳಗಿನಿಂದ ಮರದ ಮೇಲೆ ಕಾಯಿ ಬೀಳುವ ಟಕಟಕ ಸದ್ದು ಕೇಳಿಸಿತು. ಅಕ್ಕ ಮತ್ತು ಹುಡುಗಿ ನೆಲದ ಮೇಲೆ ಕುಳಿತು ಚೆನ್ನೆಮಣೆ ಆಡುತ್ತಿದ್ದರು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮರದ ಹಲಗೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು, ಪ್ರತಿ ಗುಳಿಯಲ್ಲೂ ಕಾಯಿಗಳಾಗಿ ಮಂಜೊಟ್ಟಿ ಮರದ ಕೆಂಪು ಬೀಜಗಳು. ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತಾ ಹೋಗಬೇಕು. ಕೈ ಖಾಲಿಯಾದರೆ ಮುಂದಿನ ಗುಳಿಯಿಂದ ಎತ್ತಿ ಮುಂದುವರಿಸಬೇಕು. ಖಾಲಿ ಗುಳಿ ಎದುರಾದರೆ ಅದರಾಚೆಯ ಗುಳಿಯಲ್ಲಿದ್ದದ್ದು ನಮ್ಮದು. ನೋಡುವುದಕ್ಕೆ ಮಕ್ಕಳಾಟ. ಗೆಲ್ಲಬೇಕಾದರೆ ಮಾತ್ರ ಯಾವ ಗುಳಿಯಿಂದ ಹೊರಟರೆ ಎಲ್ಲಿ ನಿಲ್ಲುತ್ತೇವೆ ಎಂದು ನಾಲ್ಕಾರು ಸುತ್ತು ಮುಂದಕ್ಕೆ ಮನಸ್ಸಿನಲ್ಲೇ ಲೆಕ್ಕ ಹಾಕಬೇಕು.

ನಾನು ಬಾಗಿಲಲ್ಲೇ ನಿಂತೆ. ಅಕ್ಕನ ಎಡಗೈ ಒಂದು ಗುಳಿಯ ಮೇಲೆ ಬಂದು ನಿಂತಿತು. ಕಣ್ಣು ಸಾಲಿನುದ್ದಕ್ಕೂ ಓಡಿ ಹಿಂದೆ ಬಂತು. ನಾನೂ ಲೆಕ್ಕ ಹಾಕಿದೆ. ಅಲ್ಲಿಂದ ಎತ್ತಿದ್ದರೆ ಆಟ ಅವರದೇ. ಆದರೆ ಕೈ ಅಲ್ಲಿಂದ ಸರಿದು ಪಕ್ಕದ ಗುಳಿಗೆ ಹೋಯಿತು. ಅವರ ಸರದಿ ಬೇಗನೆ ಮುಗಿಯಿತು. ಮುಂದಿನ ಸರದಿಯಲ್ಲಿ ಹುಡುಗಿ ಏನೂ ಲೆಕ್ಕ ಹಾಕದೆ ಎತ್ತಿ, ಕಾಯಿಗಳನ್ನು ಬಾಚಿಕೊಂಡು, ಕೈತಟ್ಟಿ ನಕ್ಕಳು. ಅಕ್ಕ ಸೋತವರ ಮುಖ ಮಾಡಿ "ದೆ ದೆ" ಎಂದು ಗೊಣಗಿದರು.

ಗೆಲ್ಲುವ ದಾರಿ ಕಂಡು, ಎದುರಿಗಿರುವವಳಿಗೆ ಅದು ಕಾಣುವುದಿಲ್ಲ ಎಂದು ತಿಳಿದು, ಅವಳಿಗೆ ಸಂಶಯ ಬರದ ಹಾಗೆ ಸೋಲುವುದು ಎಂದರೆ ಸಣ್ಣ ಕೆಲಸವಲ್ಲ. ಬೇಸಿಗೆಯಾ ಎಂದರೆ ಹೌದು ಎಂದಿದ್ದ ಹೆಂಗಸು ಇವರು.

ಅನುಮತಿ ಕೇಳಿ ಎದುರು ಕುಳಿತೆ. ಮೊಬೈಲನ್ನು ಸ್ಟೂಲಿನ ಮೇಲಿಟ್ಟು ವಿಡಿಯೋ ಮಾಡಿಕೊಂಡೆ. ನನಗೆ ಅವರು ಯಾವ ದಯೆಯನ್ನೂ ತೋರಿಸಲಿಲ್ಲ. ಮೂರು ಆಟ ಸೋತೆ. ಮೂರನೆಯದರಲ್ಲಿ ನನ್ನ ಸಾಲಿನಲ್ಲಿ ಎತ್ತಲು ಕಾಯಿಯೇ ಉಳಿಯಲಿಲ್ಲ. ಹುಡುಗಿ ನನ್ನ ಬೆನ್ನು ತಟ್ಟಿ "ಪರವಾಗಿಲ್ಲ, ನಾಳೆ ಆಡುವ" ಎಂದಳು. ಇದನ್ನು ತಮ್ಮ ನೋಡಿಲ್ಲವೇ ಎಂದು ಪಕ್ಕದ ಮನೆಯಾಕೆಯನ್ನು ಕೇಳಿದೆ.

"ಅವರು ಹೇಗೆ ನೋಡುವುದು? ಈ ಮನೆಯವರಲ್ಲಿ ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡುವ ಕ್ರಮ ಇಲ್ಲ, ಜಗಳ ಆಗ್ತದೆ ಅಂತ. ತಮ್ಮನ ಕಾರಿನ ಸದ್ದು ಕೇಳಿದ ಕೂಡ್ಲೆ ಇವರು ಮಣೆಯನ್ನು ಒಳಗೆ ಇಡ್ತಾರೆ."

ಅಕ್ಕ-ತಮ್ಮ ಜಗಳವಾಡಬಾರದೆಂದು ಮಾಡಿಕೊಂಡ ಕ್ರಮ. ಅದೇ ಕಾರಣಕ್ಕೆ ಅಕ್ಕನೊಳಗೆ ಅಕ್ಕ ಇದ್ದಾಳೆಂದು ತಮ್ಮನಿಗೆ ಗೊತ್ತಾಗದೆ, ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು.

ನನ್ನ ಉತ್ಸಾಹಕ್ಕೆ ತಣ್ಣೀರು ಎರಚಿದವರು ತಮ್ಮನ ವಕೀಲರು. ಆಟದಲ್ಲಿ ಕಂಡದ್ದನ್ನು ತಿಳಿಸಿ ಇನ್ನಷ್ಟು ಸಮಯ ಬೇಕೆಂದು ನಾನು ನ್ಯಾಯಾಲಯಕ್ಕೆ ಬರೆದಾಗ, "ಮೇಡಂ, ಆಟ ಬೇರೆ, ಸಂಸಾರ ಬೇರೆ. ಕಾಯಿ ಎಣಿಸಲಿಕ್ಕೆ ಬಂದ್ರೆ ಒಂದು ಹುಡುಗಿಯನ್ನು ನೋಡ್ಕೊಳ್ಳಲಿಕ್ಕೆ ಬರ್ತದಾ?" ಎಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ. ನಿರ್ಧಾರದ ಸಾಮರ್ಥ್ಯವನ್ನು ಅಳೆಯುವುದಕ್ಕೆ ನಾಲ್ಕು ವಿಷಯ ನೋಡಬೇಕು. ಮುಂದಿರುವ ಆಯ್ಕೆಗಳು ಅರ್ಥವಾಗಿವೆಯೇ, ಅವು ತನ್ನ ಬದುಕಿಗೆ ಸಂಬಂಧಿಸಿದವು ಎಂದು ತಿಳಿದಿದೆಯೇ, ಒಂದರ ಬದಲು ಇನ್ನೊಂದನ್ನು ಆರಿಸಿದರೆ ಏನಾಗುತ್ತದೆ ಎಂದು ತೂಗಿ ನೋಡಬಲ್ಲರೇ, ಆಯ್ಕೆಯನ್ನು ತಿಳಿಸಿ ಅದಕ್ಕೆ ಅಂಟಿಕೊಳ್ಳಬಲ್ಲರೇ. ಚೆನ್ನೆಮಣೆ ಇವುಗಳಲ್ಲಿ ಒಂದನ್ನೂ ನೇರವಾಗಿ ತೋರಿಸಿರಲಿಲ್ಲ.

ನಡುವೆ ಬೆಳ್ತಂಗಡಿ ಕಡೆಯ ಆ ಸಂಸ್ಥೆಗೂ ಹೋಗಿಬಂದೆ. ಅಲ್ಲಿ ಏನಾದರೂ ಕೊರತೆ ಕಂಡಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತೇನೋ. ಕೊರತೆ ಇರಲಿಲ್ಲ. ಚೊಕ್ಕ ಕೋಣೆಗಳು, ಕೈತೋಟ, ನಗುನಗುತ್ತಾ ಮಾತಾಡಿಸುವ ಸಿಬ್ಬಂದಿ. ಹುಡುಗಿಗೆ ಗೆಳತಿಯರು ಸಿಗುತ್ತಿದ್ದರು. ಯಾವುದು ಒಳ್ಳೆಯದು ಎಂಬ ಪ್ರಶ್ನೆ ನನ್ನದಲ್ಲ, ಆಯ್ಕೆ ಮಾಡುವ ಶಕ್ತಿ ಅಕ್ಕನಿಗೆ ಇದೆಯೇ ಎಂಬುದಷ್ಟೇ ನನ್ನದು ಎಂದು ಹಿಂತಿರುಗುವ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ.

ಮಾತಿನ ಚಿಕಿತ್ಸೆ ಮಾಡುವ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ಹೌದು-ಅಲ್ಲ ಕೇಳಬೇಡ, ಎತ್ತಿಡುವ ವಸ್ತು ಕೊಡು, ಜಾಗ ತೋರಿಸು ಎಂದಳು. ಆಗ ಹೊಳೆಯಿತು. ಚೆನ್ನೆಮಣೆಯ ಗುಳಿಗಳನ್ನೇ ಮನೆಗಳೆಂದು, ಕಾಯಿಗಳನ್ನು ಜನರೆಂದು ಮಾಡಿಕೊಂಡರೆ? ಯಾರು ಎಲ್ಲಿರಬೇಕು ಎಂದು ಅವರೇ ಇಟ್ಟು ತೋರಿಸಬಹುದು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಮತ್ತೆ ಸಿದ್ಧಕಟ್ಟೆಯ ಬಸ್ಸು ಹತ್ತಿದೆ.

ಮಣೆ ಕೊಡಿ ಎಂದಾಗ ಹುಡುಗಿ ದೊಡ್ಡಮ್ಮನ ಮುಖ ನೋಡಿದಳು. ಅಕ್ಕ ಅಲುಗಾಡಲಿಲ್ಲ. ಕಪಾಟಿನ ಮೇಲಿದ್ದ ಮಣೆಯನ್ನು ನಾನೇ ಎತ್ತಿ ತಂದು ಅವರ ಮುಂದಿಟ್ಟೆ. ಇದು ನಿಮ್ಮ ಮನೆ, ಇದು ತಮ್ಮನ ಮನೆ ಎಂದು ಗುಳಿ ತೋರಿಸತೊಡಗಿದೆ. ಅಕ್ಕ ಎಡಗೈಯಿಂದ ಮಣೆಯನ್ನು ಕವುಚಿ ಹಾಕಿದರು. ಕಾಯಿಗಳು ನೆಲದ ತುಂಬ ಉರುಳಿದವು. ಆರಿಸಿ ತಂದು ಮತ್ತೆ ಇಟ್ಟೆ. ಈ ಸಲ "ದೆ ದೆ ದೆ" ಎಂದು ಗದರಿಸಿ, ಮಣೆಯನ್ನು ದೂರ ತಳ್ಳಿ ಗೋಡೆಯ ಕಡೆ ತಿರುಗಿ ಕುಳಿತರು. ಅರ್ಧ ಗಂಟೆ ಕಾದೆ. ತಿರುಗಲಿಲ್ಲ.

ಸಹಕರಿಸಲಿಲ್ಲ, ಕಾರಣವಿಲ್ಲದೆ ಉದ್ರೇಕಗೊಂಡರು ಎಂದು ಟಿಪ್ಪಣಿ ಬರೆದುಕೊಂಡೆ. ಮೆದುಳಿನ ಮುಂಭಾಗಕ್ಕೂ ಪೆಟ್ಟು ಬಿದ್ದಿರಬಹುದು, ಕಳೆದ ಸಲ ಕಂಡದ್ದು ಹಳೆಯ ಅಭ್ಯಾಸದ ಬಲವಷ್ಟೇ ಇರಬಹುದು ಎಂದುಕೊಂಡಾಗ ಬಹಳ ಬೇಸರವಾಯಿತು. ಚಪ್ಪಲಿ ಮೆಟ್ಟಿಕೊಳ್ಳುವಾಗ ಹುಡುಗಿ ಮೆಟ್ಟಿಲಿನವರೆಗೆ ಬಂದಳು. ಅವಳ ಮಾತು ನಿಧಾನ, ಶಾಲೆಯಲ್ಲಿ ಕಲಿತ ಕನ್ನಡ.

"ನೀವು ಬೇಸರ ಮಾಡಬೇಡಿ. ಆಟಿ ಮುಗಿದಿದೆ ಅಲ್ವಾ? ಈಗ ಚೆನ್ನೆ ಆಡಬಾರದು."

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತೆ. ಆಟಿಯ ಮುಂದಿನ ಸೋಣ ತಿಂಗಳು ಶುರುವಾಗುವ ಸಂಕ್ರಮಣ ಕಳೆದು ಮೂರು ದಿನವಾಗಿತ್ತು. ಚೆನ್ನೆಮಣೆ ಆಟಿ ತಿಂಗಳ ಆಟ. ಆಟಿ ಮುಗಿದ ಮೇಲೆ ಅದನ್ನು ಎತ್ತಿಡಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ನಮ್ಮ ಮನೆಯಲ್ಲೂ ಸಂಕ್ರಮಣದ ಹಿಂದಿನ ದಿನ ಅಜ್ಜಿ ಮಣೆಯನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಈಗ ಯಾವ ತಿಂಗಳು, ಯಾವ ಕಾಲ ಎಂಬುದು ಮಾನಸಿಕ ಪರೀಕ್ಷೆಯ ಮೊದಲ ಪ್ರಶ್ನೆಗಳಲ್ಲೊಂದು. ಅದಕ್ಕೆ ನನ್ನ ಕೋಣೆಯಲ್ಲಿ ಸೊನ್ನೆ ತೆಗೆದುಕೊಂಡಿದ್ದ ಹೆಂಗಸು ಈಗ ಮಣೆ ಕವುಚಿ ಹಾಕಿ ಉತ್ತರ ಕೊಟ್ಟಿದ್ದರು. ನಾನು ಅದನ್ನೇ ರೋಗಲಕ್ಷಣವೆಂದು ಬರೆದುಕೊಂಡಿದ್ದೆ.

ಒಳಗೆ ಹೋಗಿ ಕೈಮುಗಿದು ತಪ್ಪಾಯಿತು ಎಂದೆ. ಅಕ್ಕ ತಿರುಗಿ ನೋಡಿದರು. "ಆಡಲಿಕ್ಕಲ್ಲ ಅಕ್ಕಾ. ಮಾತಾಡಲಿಕ್ಕೆ. ನಿಮ್ಮ ಮಾತು ನನಗೆ ತಿಳಿಯಬೇಕು, ಅದಕ್ಕೆ ಗುಳಿ ಬೇಕಿತ್ತು" ಎಂದು ತುಳುವಿನಲ್ಲಿ ಹೇಳಿದೆ. ಅವರು ಕೋಲೂರಿ ಎದ್ದರು. ಬಲಗಾಲನ್ನು ಎಳೆದುಕೊಂಡು ಅಡುಗೆಮನೆಗೆ ಹೋದರು. ಪಾತ್ರೆಗಳು ಬಿದ್ದ ಸದ್ದು ಕೇಳಿತು. ಹುಡುಗಿ ಓಡಿದಳು. ಇಬ್ಬರೂ ಹೊರಗೆ ಬಂದಾಗ ಹುಡುಗಿಯ ಕೈಯಲ್ಲಿ ಒಂದು ಇಡ್ಲಿ ತಟ್ಟೆ ಇತ್ತು.

ಇಡ್ಲಿ ತಟ್ಟೆಗೆ ಗುಳಿಗಳಿವೆ, ಆಟಿಯ ಕಟ್ಟುಪಾಡು ಇಲ್ಲ. ನಾನು ಜೋರಾಗಿ ನಕ್ಕುಬಿಟ್ಟೆ, ನಗುತ್ತಲೇ ಕಣ್ಣು ತುಂಬಿತು. ಕ್ರಮವನ್ನೂ ಮುರಿಯದೆ, ನನ್ನ ಕೋರಿಕೆಯನ್ನೂ ತಳ್ಳಿಹಾಕದೆ, ಅವರು ನಾನು ಕೇಳದೇ ಇದ್ದ ಒಂದು ದಾರಿಯನ್ನು ಹುಡುಕಿ ತಂದಿದ್ದರು. ಇಷ್ಟು ವರ್ಷ ಎಷ್ಟೋ ಜನರ ಮನಸ್ಸನ್ನು ಪರೀಕ್ಷಿಸಿದ್ದೇನೆ, ಒಂದು ಮನಸ್ಸಿನ ಎದುರು ಹೀಗೆ ಮೂಕಳಾದದ್ದು ನೆನಪಿಲ್ಲ.

ಕಾಯಿಗಳನ್ನೂ ಅವರೇ ಆರಿಸಿದರು, ಮಂಜೊಟ್ಟಿ ಮುಟ್ಟಲಿಲ್ಲ. ತನಗೆ ಒಂದು ಹುಣಸೆ ಬೀಜ. ಹುಡುಗಿಗೆ ದಪ್ಪ ಹಲಸಿನ ಬೀಜ. ಅವಳು "ನಾನು ಅಷ್ಟು ತೋರ ಇಲ್ಲ" ಎಂದು ಮುನಿಸಿಕೊಂಡಳು. ತಮ್ಮನಿಗೆ ಒಂದು ಅಡಿಕೆ. ನನಗೆ ಸಿಕ್ಕಿದ್ದು ಬೆಳ್ಳುಳ್ಳಿ ಎಸಳು, ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ನಾಲ್ಕು ಗುಳಿಗಳಲ್ಲಿ ಒಂದು ಈ ಮನೆ, ಒಂದು ಕಲ್ಲಡ್ಕದ ತಮ್ಮನ ಮನೆ, ಒಂದು ಬೆಳ್ತಂಗಡಿ ಕಡೆಯ ಸಂಸ್ಥೆ, ಮತ್ತೊಂದು ಮೂಡುಬಿದಿರೆಯ ನನ್ನ ಕೋಣೆ. ಪ್ರತಿ ಗುಳಿಯ ಪಕ್ಕ ಆ ಜಾಗದ ಫೋಟೋ ಅಂಟಿಸಿದೆ.

ಮುಂದಿನ ವಾರಗಳಲ್ಲಿ ನಾಲ್ಕು ಸಲ ಹೋದೆ. ಇಲ್ಲಿ ಆತುರ ಮಾಡುವಂತಿಲ್ಲ. ಒಮ್ಮೆ ಸಿಕ್ಕ ಉತ್ತರ ಆಕಸ್ಮಿಕವಾಗಿರಬಹುದು, ನನ್ನ ಮುಖ ನೋಡಿ ಊಹಿಸಿದ್ದಿರಬಹುದು. ಹಾಗಾಗಿ ಪ್ರಶ್ನೆ ಕೇಳಿ ಕಿಟಕಿಯ ಕಡೆ ಮುಖ ಮಾಡುತ್ತಿದ್ದೆ. ತಟ್ಟೆಯನ್ನು ತಿರುಗಿಸಿ ಗುಳಿಗಳ ಜಾಗ ಬದಲಿಸುತ್ತಿದ್ದೆ. ಅದೇ ಪ್ರಶ್ನೆಯನ್ನು ತಲೆಕೆಳಗಾಗಿಸಿ ಕೇಳುತ್ತಿದ್ದೆ: ಹುಡುಗಿ ಎಲ್ಲಿ ಇರಬೇಕು, ಎಲ್ಲಿ ಇರಬಾರದು. ಹುಡುಗಿಯನ್ನು ಪಕ್ಕದ ಮನೆಗೆ ಕಳಿಸಿಯೂ ಕೇಳಿದೆ. ಹಲಸಿನ ಬೀಜ ಪ್ರತಿ ಸಲವೂ ಈ ಮನೆಯ ಗುಳಿಗೇ ಬಂತು, ಹುಣಸೆ ಬೀಜದ ಜೊತೆಗೆ. ಇರಬಾರದು ಎಂದಾಗ ಅವರು ಅದನ್ನು ನನ್ನ ಕೋಣೆಯ ಗುಳಿಯಲ್ಲಿಟ್ಟು ನನ್ನನ್ನು ನೋಡಿ ನಕ್ಕರು.

ಒಮ್ಮೆ ಬೇಕೆಂದೇ ತಪ್ಪು ಮಾಡಿದೆ. ಒಂದು ಗೇರುಬೀಜ ತೆಗೆದು, ಇದು ನಿಮ್ಮ ಯಜಮಾನರು ಎಂದು ಮನೆಯ ಗುಳಿಗೆ ಹಾಕಿದೆ. ಅಕ್ಕ ಅದನ್ನು ಮೆಲ್ಲನೆ ಎತ್ತಿ, ತಟ್ಟೆಯ ಯಾವ ಗುಳಿಗೂ ಹಾಕದೆ, ಹೊರಗೆ ನೆಲದ ಮೇಲೆ ಇಟ್ಟರು. ಅದರ ಮೇಲೆ ಅಂಗೈ ಮುಚ್ಚಿ ಹಿಡಿದರು. ತೀರಿಹೋದವರ ಜಾಗ ತಟ್ಟೆಯ ಹೊರಗೆ ಎಂಬುದನ್ನು ನಾನು ಕಲಿಸಿರಲಿಲ್ಲ.

ಗ್ಯಾಸಿನ ವಿಷಯ ಕೇಳಿದೆ. ಅಡುಗೆಮನೆಗೆ ಕರೆದುಕೊಂಡು ಹೋಗಿ ಸಿಲಿಂಡರಿನ ಕೀಲಿಗೆ ಕಟ್ಟಿದ್ದ ಕೆಂಪು ಬಟ್ಟೆ ತೋರಿಸಿದರು. ರಾತ್ರಿ ಕೀಲಿ ತಿರುಗಿಸಿ ಗ್ಯಾಸ್ ನಿಲ್ಲಿಸಿ, ಬಟ್ಟೆ ಬಿಚ್ಚಿ ದೊಡ್ಡಮ್ಮನ ಕೈಗೆ ಕೊಡದೆ ಹುಡುಗಿ ಮಲಗುವಂತಿಲ್ಲ; ಹುಡುಗಿಯೇ ಮಾಡಿ ತೋರಿಸಿದಳು. ತಮ್ಮನ ಮೇಲೆ ಕೋಪವಿದೆಯೇ ಎಂದು ಕೇಳಿದೆ. ಅಡಿಕೆಯನ್ನು ಎತ್ತಿ ಸೆರಗಿನಲ್ಲಿ ಒರೆಸಿ ಮತ್ತೆ ಕಲ್ಲಡ್ಕದ ಗುಳಿಯಲ್ಲಿಟ್ಟರು. ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ತಿಳಿಯದೆ, ಮಾಡಿದ್ದನ್ನಷ್ಟೇ ಬರೆದುಕೊಂಡೆ.

ಉಳಿದದ್ದು ಒಂದೇ ಪ್ರಶ್ನೆ, ಎಲ್ಲಕ್ಕಿಂತ ಕಷ್ಟದ್ದು. ಪಾರ್ಶ್ವವಾಯು ಒಮ್ಮೆ ಬಂದವರಿಗೆ ಮತ್ತೊಮ್ಮೆ ಬರಬಹುದು. ಪಾಲಕಿಯಾಗಿ ಉಳಿಯಬೇಕಾದವರು ಅದನ್ನು ಯೋಚಿಸಿದ್ದಾರೆಯೇ? "ಅಕ್ಕಾ, ನೀವೇ ಇಲ್ಲವಾದರೆ ಇವಳು ಎಲ್ಲಿ?" ಎಂದು ಕೇಳಿದೆ. ಅಕ್ಕ ತಟ್ಟೆಯನ್ನು ಎತ್ತಿ ಬೀಜಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡು, ಸೆರಗಿನಲ್ಲಿ ಕಟ್ಟಿಬಿಟ್ಟರು. ಇನ್ನೊಂದು ಭೇಟಿಯಲ್ಲಿ ಕೇಳಿದಾಗಲೂ ಅದನ್ನೇ ಮಾಡಿದರು. ಹುಡುಗಿಯನ್ನು ಹೊರಗೆ ಕಳಿಸಿ ಕೇಳಿದರೂ ಅಷ್ಟೇ.

ವರದಿ ಬರೆಯಲು ಕುಳಿತಾಗ ಕೈ ಓಡಲಿಲ್ಲ. ಅವರು ಸಮರ್ಥರು ಎಂದು ನನಗೆ ಮನಸಾರೆ ಅನ್ನಿಸಿತ್ತು. ಆದರೆ ಅನ್ನಿಸಿದ್ದನ್ನು ಬರೆಯಲು ನನ್ನನ್ನು ನೇಮಿಸಿದ್ದಲ್ಲ. ಆ ಒಂದು ಪ್ರಶ್ನೆಯನ್ನು ಬಿಟ್ಟು ಬರೆದರೆ ಅದು ಸುಳ್ಳಿಗೆ ಸಮ. ಉತ್ತರಿಸಲಿಲ್ಲ ಎಂದು ಬರೆದರೆ, ಭವಿಷ್ಯದ ಅರಿವಿಲ್ಲ ಎಂದು ವಕೀಲರು ಅದೊಂದನ್ನೇ ಹಿಡಿದುಕೊಳ್ಳುತ್ತಾರೆ. ಹುಡುಗಿಯ ಪೆಟ್ಟಿಗೆ ಕಟ್ಟುವುದಕ್ಕೆ ಆ ಒಂದು ಸಾಲು ಸಾಕು.

ಕೊನೆಗೆ ಒಂದು ತೀರ್ಮಾನ ಮಾಡಿದೆ. ಕಂಡದ್ದೆಲ್ಲವನ್ನೂ ಬರೆದೆ, ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂಬುದನ್ನೂ ಬರೆದೆ. ಕೊನೆಯಲ್ಲಿ ಒಂದು ಕೋರಿಕೆ ಸೇರಿಸಿದೆ: ಇವರ ಮಾತನ್ನು ನಾನು ಅನುವಾದಿಸಿ ಹೇಳುವುದು ಬೇಡ, ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ, ತಮ್ಮನ ಎದುರಿನಲ್ಲೇ, ನೇರವಾಗಿ ಇವರನ್ನು ಕೇಳಲಿ. ಪರಿಣತರಾಗಿ ಬಂದವರು ಹೀಗೆ ಪಕ್ಕಕ್ಕೆ ಸರಿಯುವುದು ರೂಢಿಯಲ್ಲ. ಅಕ್ಕ ಅಲ್ಲಿಯೂ ಸೆರಗು ಕಟ್ಟಿಕೊಂಡರೆ ಎಲ್ಲವೂ ಮುಗಿದ ಹಾಗೆ ಎಂದು ನನಗೆ ನಿಜವಾಗಿ ಹೆದರಿಕೆಯಿತ್ತು.

ಕೋರಿಕೆ ಒಪ್ಪಿಗೆಯಾಯಿತು. ಆ ದಿನ ಬಂಟ್ವಾಳದಲ್ಲಿ ಕೊಠಡಿಯ ಮೇಜಿನ ಮೇಲೆ ಇಡ್ಲಿ ತಟ್ಟೆ ಇಟ್ಟಾಗ ತಮ್ಮನ ವಕೀಲರು ತುಟಿ ಬಿಗಿಹಿಡಿದು ನಕ್ಕರು. "ಸ್ವಾಮಿ, ಚಟ್ನಿ ಸಾಂಬಾರು ಹಿಂದಿನಿಂದ ಬರ್ತದೋ ಏನೋ" ಎಂದರು. ನ್ಯಾಯಾಧೀಶರು ಘಟ್ಟದ ಮೇಲಿನ ಊರಿನವರು. "ಇರ್ಲಿ ಬಿಡ್ರೀ, ನೋಡೋಣು" ಎಂದು ಕನ್ನಡಕ ಏರಿಸಿದರು. ತಮ್ಮ ಎದುರು ಕುರ್ಚಿಯಲ್ಲಿ ಕುಳಿತಿದ್ದರು. ಅಕ್ಕನ ಎದುರು, ನಡುವೆ ಗುಳಿಗಳಿರುವ ತಟ್ಟೆ ಇಟ್ಟುಕೊಂಡು ಅವರು ಕುಳಿತದ್ದು ಜನ್ಮದಲ್ಲಿ ಅದೇ ಮೊದಲಿರಬೇಕು. ನಾನು ಬೀಜಗಳ ಪರಿಚಯ ಮಾಡಿಸಿ, ಗೋಡೆಯ ಬದಿಗೆ ಹೋಗಿ ನಿಂತೆ.

ನ್ಯಾಯಾಧೀಶರು ಕನ್ನಡದಲ್ಲಿ ಕೇಳಿದರು, ಗುಮಾಸ್ತರು ತುಳುವಿಗೆ ತಿರುಗಿಸಿದರು. ಹುಡುಗಿ ಎಲ್ಲಿ ಇರಬೇಕು? ಹಲಸಿನ ಬೀಜ ಮನೆಗೆ ಬಂತು. ತಟ್ಟೆ ತಿರುಗಿಸಿ ಕೇಳಿದರು. ಮತ್ತೆ ಮನೆಗೆ. ಯಜಮಾನರು? ಗೇರುಬೀಜ ಮೇಜಿನ ಮೇಲೆ, ತಟ್ಟೆಯ ಹೊರಗೆ. ತಮ್ಮ ಮುಂದಕ್ಕೆ ಬಾಗಿದರು. ಅಕ್ಕನ ಎಡಗೈ ಹೋದ ಕಡೆಗೆಲ್ಲ ಅವರ ಕಣ್ಣು ಹೋಗುತ್ತಿತ್ತು. "ಅಕ್ಕನಿಗೆ ಗೊತ್ತಾಗ್ತದೆ" ಎಂದು ತನಗೆ ತಾನೇ ಹೇಳಿಕೊಂಡರು. ವಕೀಲರು ಅವರ ತೋಳು ಮುಟ್ಟಿ ಸುಮ್ಮನಿರುವಂತೆ ಸನ್ನೆ ಮಾಡಿದರು.

ನ್ಯಾಯಾಧೀಶರು ನನ್ನ ವರದಿಯ ಕೊನೆಯ ಪುಟ ತಿರುಗಿಸಿದರು. ಅವರ ಧ್ವನಿ ಮೆದುವಾಯಿತು.

"ಅಮ್ಮಾ, ನಾಳೆ ನೀವೇ ಇಲ್ಲಾಂದ್ರೆ?"

ಅಕ್ಕನ ಕೈ ತಟ್ಟೆಯ ಅಂಚಿಗೆ ಹೋಯಿತು. ಸೆರಗಿಗೆ ಸುರಿದುಕೊಳ್ಳುತ್ತಾರೆ ಎಂದೇ ನಾನು ಅಂದುಕೊಂಡೆ. ಅವರು ತಲೆಯೆತ್ತಿ ತಮ್ಮನನ್ನು ನೋಡಿದರು, ಪಕ್ಕದಲ್ಲಿದ್ದ ಹುಡುಗಿಯನ್ನು ನೋಡಿದರು. ಆಮೇಲೆ ಹುಣಸೆ ಬೀಜವನ್ನು ಮನೆಯ ಗುಳಿಯಿಂದ ಎತ್ತಿ, ಹೊರಗೆ ಮೇಜಿನ ಮೇಲೆ, ಗೇರುಬೀಜದ ಪಕ್ಕದಲ್ಲಿ ಇಟ್ಟರು.

ಗುಳಿಯಲ್ಲಿ ಹಲಸಿನ ಬೀಜ ಒಂಟಿಯಾಯಿತು. ಸಿದ್ಧಕಟ್ಟೆಯ ಮನೆಯಲ್ಲಿ ಅವರು ಉತ್ತರ ಕೊಡದೆ ಉಳಿದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಆ ಪ್ರಶ್ನೆಗೆ ಉತ್ತರ ಕೇಳಬೇಕಾದವರು ಆ ದಿನಗಳಲ್ಲಿ ಅಲ್ಲಿ ಇರಲಿಲ್ಲ.

ಅಕ್ಕನ ಕೈ ಹಲಸಿನ ಬೀಜವನ್ನು ಮುಟ್ಟಲಿಲ್ಲ. ಅದನ್ನು ದಾಟಿ ಕಲ್ಲಡ್ಕದ ಗುಳಿಗೆ ಹೋಯಿತು. ಅಡಿಕೆಯನ್ನು ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ತನ್ನ ಮನೆಯ ಗುಳಿಗೆ ತಂದು, ಹಲಸಿನ ಬೀಜಕ್ಕೆ ತಾಗಿಸಿ ಇಟ್ಟರು.

ತಮ್ಮ ಆ ಗುಳಿಯ ಕಡೆ ಬಾಗಿದರು. ಬೆರಳು ಚಾಚಿ ಅಡಿಕೆಯನ್ನು ಮುಟ್ಟಿ ನೋಡಿದರು.

"ನಾನು ಅಲ್ಲಿಗೆ ಬರಬೇಕಾ ಅಕ್ಕಾ?" ಎಂದು ತುಳುವಿನಲ್ಲಿ ಕೇಳಿದರು.

ಅಕ್ಕ ತಲೆಯಾಡಿಸಲಿಲ್ಲ. ತನ್ನ ತಲೆಯಾಟಕ್ಕೆ ಬೆಲೆಯಿಲ್ಲ ಎಂಬುದು ಅವರಿಗೂ ಗೊತ್ತಿತ್ತೋ ಏನೋ. ಅಡಿಕೆಯ ಮೇಲಿದ್ದ ತಮ್ಮನ ಬೆರಳನ್ನು ಎಡಗೈಯಿಂದ ಒತ್ತಿ ಹಿಡಿದರು.

ವಕೀಲರು ಏನೋ ಹೇಳಲು ಎದ್ದರು. ತಮ್ಮ ಅವರ ಕಡೆ ನೋಡಲಿಲ್ಲ. ಕಂಪ್ಯೂಟರಿನ ಮುಂದೆ ಸುಮ್ಮನೆ ಕುಳಿತುಬಿಟ್ಟಿದ್ದ ಗುಮಾಸ್ತರ ಕಡೆಗೆ ತಿರುಗಿದರು.

"ಬರ್ಕೊಳ್ಳಿ. ನಾನು ಬರ್ತೇನೆ ಅಂತ ಬರ್ಕೊಳ್ಳಿ."